ಒಂದೂವರೆ ಸುತ್ತು ಎಡಕ್ಕೆ

ನಮ್ಮ ಹಟ್ಟಿ, ಹೊಸದುರ್ಗ ತಾಲ್ಲೂಕು
೧೭ ನವೆಂಬರ್ ೨೦೨೪, ಭಾನುವಾರ

ಯೋಗೇಶ್ ಅವರಿಗೆ ನೇತ್ರಾವತಿಯ ನಮಸ್ಕಾರ.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀವು ಕ್ಷೇಮವೇ ಎಂದು ಕೇಳಲು ಇನ್ನೂ ಮನಸ್ಸು ಬಂದಿಲ್ಲ. ಆದ್ದರಿಂದ ಅವೆರಡನ್ನೂ ಬಿಟ್ಟು ವಿಷಯಕ್ಕೇ ಬರುತ್ತೇನೆ. ಮೊಬೈಲಿನಲ್ಲಿ ಬರೆದಿದ್ದರೆ ನೀವು ಎರಡು ಸಾಲು ಓದಿ ಕರೆ ಮಾಡುತ್ತಿದ್ದಿರಿ. ಕರೆ ಮಾಡಿ "ಆಯ್ತು ಬಿಡು ನೇತ್ರಾ" ಅನ್ನುತ್ತಿದ್ದಿರಿ. ಆ ಮಾತು ಕೇಳಿದರೆ ನನಗೆ ಅರ್ಧ ಕೋಪ ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಕಿಲ್ಲ. ಹಾಗಾಗಿ ಕಾಗದ.

ಜುಂಜಣ್ಣ ಮಾವ ನಿಮ್ಮ ಕಡೆಯಿಂದ ರಾಜಿಗೆ ಬಂದಾಗ ಹಟ್ಟಿಯ ಹಿರಿಯರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ಮಾವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನನ್ನನ್ನು ಕೇಳಿದರು: "ಅವ್ನು ಹೊಡ್ದಿಲ್ಲ, ಬಡ್ದಿಲ್ಲ, ಕುಡ್ಯಲ್ಲ. ಇನ್ನೊಬ್ಳ ಹಿಂದೆ ಹೋಗಿಲ್ಲ. ಒಂದು ಇಸ್ಕ್ರೂ ತಿರುವಿದ್ದಕ್ಕೆ ಯಾರಾರಾ ಗಂಡನ ಮನೆ ಬಿಟ್ಟು ಬರ್ತಾರೇನವ್ವ?" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಮ್ಮಪ್ಪನೂ ನಕ್ಕ. ನನಗೆ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಿಲ್ಲಿನಲ್ಲಿ ಸ್ಕ್ರೂ ಎಲ್ಲಿರುತ್ತದೆ, ಅದು ಏನು ಮಾಡುತ್ತದೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳುವಷ್ಟರಲ್ಲಿ ಕುರಿ ಮನೆಗೆ ಬರುವ ಹೊತ್ತಾಗುತ್ತಿತ್ತು. ಎದ್ದು ಒಳಗೆ ಹೋದೆ. ಅವತ್ತು ಕಟ್ಟೆಗೆ ಹೇಳಲಾಗದ್ದನ್ನು ಇವತ್ತು ನಿಮಗೆ ಹೇಳುತ್ತೇನೆ. ಅರ್ಧಕ್ಕರ್ಧ ನಿಮಗೆ ಗೊತ್ತಿರುವುದೇ. ಆದರೂ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ.

ಮದುವೆಯಾಗಿ ಹಿರಿಯೂರಿಗೆ ಬಂದ ವರ್ಷ ನಾನು ಬಬ್ಬೂರು ಫಾರಂನಲ್ಲಿ ಕೂಲಿಗೆ ಹೋಗುತ್ತಿದ್ದೆ. ಜೋಳದ ತಾಕಿನಲ್ಲಿ ಗಿಣಿ ಓಡಿಸಲು ಕವಣೆ ಬೀಸುತ್ತಿದ್ದುದನ್ನು ನೀವು ಬದುವಿನ ಮೇಲೆ ಸೈಕಲ್ ನಿಲ್ಲಿಸಿ ನೋಡಿದಿರಿ. ಮರುವಾರವೇ ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಕಾಂಪೌಂಡ್ ಬಿಲ್ಲು ತಂದು ನನ್ನ ಕೈಗೆ ಕೊಟ್ಟಿರಿ. ಎರಡು ಕಡೆ ಗಾಲಿ, ನಾಲ್ಕಾರು ಹುರಿ, ಕರ್ರನೆಯ ಕಬ್ಬಿಣ. ಇದು ಬಿಲ್ಲೋ ಹೊಲಿಗೆ ಮಿಷಿನ್ನೋ ಎಂದು ನಾನು ನಕ್ಕಿದ್ದೆ. ನೀವು ನಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವಾಗಿನ ಮುಖ ಮಾಡಿಕೊಂಡು ಒಂದೊಂದೇ ಭಾಗ ತೋರಿಸಿ ಹೇಳಿಕೊಟ್ಟಿರಿ. ಗಂಡ ಹೆಂಡತಿಗೆ ಅಷ್ಟು ತಾಳ್ಮೆಯಿಂದ ಏನನ್ನಾದರೂ ಕಲಿಸುವುದನ್ನು ನಾನು ನಮ್ಮ ಕಡೆ ನೋಡಿರಲಿಲ್ಲ. ಅವತ್ತಿನಿಂದ ನೀವು ಹೇಳಿದ್ದೇ ನನಗೆ ವೇದವಾಯಿತು.

ರೆಸ್ಟ್ ಎಂದರೆ ಏನು ಎಂದು ನೀವು ಹೇಳಿದ ರೀತಿ ಇನ್ನೂ ನೆನಪಿದೆ. ಬಾಣ ಮಲಗುವ ಪುಟ್ಟ ಕವಲು ಅದು. ಹುರಿ ಎಳೆದಾಗ ಒಂದು ಸಣ್ಣ ದಾರ ಅದನ್ನು ಎತ್ತಿ ಹಿಡಿಯುತ್ತದೆ, ಬಿಟ್ಟ ಕ್ಷಣ ಬಾಣದ ಗರಿಗೆ ತಾಕದ ಹಾಗೆ ಕೆಳಗೆ ಬೀಳುತ್ತದೆ. ಅದಕ್ಕೆ ಎರಡು ಸ್ಕ್ರೂ. ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ. ಪಕ್ಕದಲ್ಲಿ ಸ್ಕೇಲಿನಂತೆ ಸಣ್ಣ ಗೀಟುಗಳು. ಒಂದು ಗೀಟು ಆಚೀಚೆಯಾದರೆ ಐವತ್ತು ಮೀಟರ್ ದೂರದಲ್ಲಿ ಬಾಣ ಗುರಿಯ ನಡುವಿನ ಹಳದಿ ಬಿಟ್ಟು ಕೆಂಪಿಗೆ ಹೋಗುತ್ತದೆ. ಅದಕ್ಕೇ ಆ ಸ್ಕ್ರೂ ನಾನು ಮುಟ್ಟಬಾರದು ಅಂದಿರಿ. ನಾನೂ ಮುಟ್ಟಲಿಲ್ಲ. ಅದನ್ನು ತಿರುವುವ ಅಲೆನ್ ಕೀ ನಿಮ್ಮ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಂಗಿ ಒಗೆಯುವಾಗ ಎಷ್ಟೋ ಸಲ ತೆಗೆದು ಕಿಟಕಿಯ ಮೇಲಿಟ್ಟಿದ್ದೇನೆ, ದೇವರ ಸಾಮಾನು ಇಟ್ಟ ಹಾಗೆ.

ಆಮೇಲೆ ಪೇಪರ್ ಪರೀಕ್ಷೆ. ಹಿತ್ತಲಲ್ಲಿ ಹಳೆಯ ಕಿಟಕಿ ಚೌಕಟ್ಟಿಗೆ ದಿನಪತ್ರಿಕೆ ಬಿಗಿದು ಕಟ್ಟುತ್ತಿದ್ದಿರಿ. ಆರು ಅಡಿ ದೂರದಿಂದ ನಾನು ಅದರ ಮೂಲಕ ಬಾಣ ಬಿಡಬೇಕು. ಬಾಣ ನೆಟ್ಟಗೆ ಹೋದರೆ ಕಾಗದದಲ್ಲಿ ಒಂದು ದುಂಡು ತೂತು, ಸುತ್ತ ಗರಿಗಳ ಮೂರು ಗೀರು. ಬಾಲ ಆಚೀಚೆ ತೂಗಿದರೆ ಕಾಗದ ಅಡ್ಡಡ್ಡ ಹರಿಯುತ್ತದೆ. ಹರಿದದ್ದು ಬಲಕ್ಕಾದರೆ ರೆಸ್ಟನ್ನು ಸ್ವಲ್ಪ ಎಡಕ್ಕೆ ಸರಿಸಬೇಕು. ಇಷ್ಟೂ ನೀವೇ ಹೇಳಿಕೊಟ್ಟದ್ದು. ಹೇಳದೆ ಬಿಟ್ಟದ್ದು ಒಂದೇ. ಬಿಲ್ಲಿನಲ್ಲಿ ದೋಷವಿದ್ದರೂ ಕಾಗದ ಹಾಗೆಯೇ ಹರಿಯುತ್ತದೆ, ಹಿಡಿದ ಕೈಯಲ್ಲಿ ದೋಷವಿದ್ದರೂ ಹಾಗೆಯೇ ಹರಿಯುತ್ತದೆ.

ನಾನು ಬಾಣ ಬಿಡುತ್ತಿದ್ದೆ. ನೀವು ಚೌಕಟ್ಟಿಗೆ ಅಡ್ಡ ನಿಂತು ನೋಡಿ, ನನಗೆ ತೋರಿಸದೆ ಕಾಗದ ಕಿತ್ತು ಮುದ್ದೆ ಮಾಡಿ ನೀರೊಲೆಗೆ ಹಾಕಿ, ಸ್ಕ್ರೂ ತಿರುವಿ ಹೊಸ ಕಾಗದ ಕಟ್ಟುತ್ತಿದ್ದಿರಿ. ಮತ್ತೆ ಬಾಣ, ಮತ್ತೆ ಒಲೆ. ನಾಲ್ಕನೆಯದೋ ಐದನೆಯದೋ ದುಂಡಗೆ ತೂತಾದಾಗ ಮಾತ್ರ ಕರೆದು ತೋರಿಸುತ್ತಿದ್ದಿರಿ. "ನೋಡಿಲ್ಲಿ, ಕೈ ಅಂದ್ರೆ ಇದು" ಅನ್ನುತ್ತಿದ್ದಿರಿ. ನಾನು ಪೆದ್ದಿ, ಆ ಕಾಗದಗಳಿಗೆಲ್ಲ ತಾರೀಖು ಬರೆದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೇನೆ. ಹದಿನೇಳು ಇವೆ. ಅವು ನನ್ನ ಕೈಗೆ ಸಿಕ್ಕ ಸರ್ಟಿಫಿಕೇಟು ಅಂದುಕೊಂಡಿದ್ದೆ.

ಹೊಳಲ್ಕೆರೆಯ ಪಂದ್ಯದಲ್ಲಿ ಗೆದ್ದೆ, ಹಿರಿಯೂರಿನಲ್ಲಿ ಗೆದ್ದೆ. ಆದರೆ ಎಲ್ಲ ಕಡೆಯೂ ಒಂದೇ ಪಾಡು, ಮೊದಲ ಅರ್ಧ ಚೆನ್ನಾಗಿ ಹೋಗುತ್ತಿತ್ತು, ಎರಡನೆಯ ಅರ್ಧದಲ್ಲಿ ಬಾಣಗಳು ಚೆಲ್ಲಾಪಿಲ್ಲಿ. ಕೇಳಿದರೆ ಗಾಳಿ ಅಂದಿರಿ. ಬಿಸಿಲು ಅಂದಿರಿ. ಒಂದು ಸಲ ನಾನು ಬೆಳಗ್ಗೆ ಮುದ್ದೆ ಉಂಡು ಬಂದದ್ದೇ ತಪ್ಪು ಅಂದಿರಿ. ಆಮೇಲೆ ಎರಡು ತಿಂಗಳು ಪಂದ್ಯದ ದಿನ ನಾನು ಬರೀ ಬಾಳೆಹಣ್ಣು ತಿಂದೆ. ಕೈ ಸೋತಂತೆಲ್ಲ ಬಿಲ್ಲು ಹಿಡಿದ ಮಣಿಕಟ್ಟು ತಿರುಚುವುದು ಹೆಚ್ಚಾಗುತ್ತಿತ್ತು ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುದ್ದೆಯ ಮೇಲೆ ಹಾಕಿದಿರಿ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇನ್ನು ಆಗಸ್ಟ್ ಹನ್ನೊಂದರ ಮಾತು. ಚಿತ್ರದುರ್ಗದಲ್ಲಿ ರಾಜ್ಯ ತಂಡದ ಆಯ್ಕೆ. ನಾಲ್ಕು ಜನಕ್ಕೆ ಜಾಗ. ನಿಮಗೆ ಶಾಲೆಯಲ್ಲಿ ಏನೋ ಕಾರ್ಯಕ್ರಮ, ಮಧ್ಯಾಹ್ನಕ್ಕೆ ಬರುತ್ತೇನೆ ಎಂದು ನನ್ನೊಬ್ಬಳನ್ನೇ ಬೆಳಗಿನ ಬಸ್ಸಿಗೆ ಹತ್ತಿಸಿದಿರಿ. ಅಭ್ಯಾಸದ ಬಾಣ ಬಿಡುವಾಗಲೇ ರೆಸ್ಟಿನ ದಾರ ಸವೆದು ಪಟ್ಟನೆ ಕಿತ್ತಿತು. ಪಕ್ಕದ ಜಿಲ್ಲೆಯ ತಂಡದ ಜೊತೆ ಬಿಲ್ಲು ರಿಪೇರಿ ಮಾಡುವ ಮಂಜುನಾಥ್ ಎಂಬುವವರು ಬಂದಿದ್ದರು. ಅವರು ಹೊಸ ದಾರ ಕಟ್ಟಿಕೊಟ್ಟರು. ಕಟ್ಟಿದ ಮೇಲೆ ರೆಸ್ಟನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದ್ಯಾಕಕ್ಕ ಇಷ್ಟು ಹೊರಗೆ ಕುಂತೈತೆ? ತಡೀರಿ, ಮೊದ್ಲು ನಡುಮಧ್ಯಕ್ಕೆ ತರ್ತೀನಿ, ಆಮೇಲೆ ನಿಮ್ ಕೈ ನೋಡಾಣ" ಎಂದು ಸ್ಕ್ರೂ ತಿರುವಿ ಕಾಗದ ಕಟ್ಟಿದರು. ನಾನು ಬಾಣ ಬಿಟ್ಟೆ. ಕಾಗದ ನಾಲ್ಕು ಬೆರಳಗಲ ಬಲಕ್ಕೆ ಹರಿಯಿತು. ಮೂರು ವರ್ಷದಲ್ಲಿ ನಾನು ಕಂಡ ಮೊದಲನೆಯ ಹರಿದ ಕಾಗದ ಅದು.

ಅವರು ನನ್ನ ಎಡಗೈ ಹಿಡಿದು ನೋಡಿದರು. "ಬಿಲ್ಲಲ್ಲಿ ಏನೂ ಇಲ್ಲಕ್ಕ. ಮಣಿಕಟ್ಟು ತಿರುಚ್ತೈತೆ. ಯಾರೂ ಹೇಳಿಲ್ವೇನ್ರಿ ನಿಮಗೆ?" ಅಂದರು. ನಾನು ಏನಂದೆ ಗೊತ್ತೇ? ನನ್ನ ಗಂಡನೇ ಕೋಚು, ಮೂರು ವರ್ಷದಿಂದ ದಿನಾ ನೋಡುತ್ತಿದ್ದಾರೆ, ಹತ್ತು ನಿಮಿಷ ನೋಡಿದ ನೀವು ಯಾರು ಹೇಳಲಿಕ್ಕೆ ಎಂದು ಜೋರು ಮಾಡಿದೆ. ಸುತ್ತ ಇದ್ದವರು ತಿರುಗಿ ನೋಡಿದರು. ಪಾಪ, ಅವರು ತಮ್ಮ ಡಬ್ಬಿ ಮುಚ್ಚಿಕೊಂಡು ಹೋದರು. ನಿಮ್ಮ ಪರವಾಗಿ ನಾನು ಆಡಿದ ಕೊನೆಯ ಜಗಳ ಅದು.

ಅಷ್ಟರಲ್ಲಿ ಸೀಟಿ ಊದಿದರು. ನಡುಮಧ್ಯಕ್ಕಿದ್ದ ರೆಸ್ಟಿನಲ್ಲೇ ಮೊದಲ ಮೂವತ್ತಾರು ಬಾಣ ಬಿಟ್ಟೆ. ಮುನ್ನೂರ ಅರವತ್ತಕ್ಕೆ ಇನ್ನೂರ ಎಂಬತ್ತೊಂದು ಬಂತು. ಹದಿನಾಲ್ಕನೆಯವಳಾದೆ. ಹೊಸ ದಾರ ಸರಿಯಾಗಿ ಕೂತಿಲ್ಲ, ಅದಕ್ಕೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ನೀವು ಬೈಕಿನಲ್ಲಿ ಬಂದಿರಿ. ದಾರ ಕಿತ್ತದ್ದು, ಅವರು ಕಟ್ಟಿಕೊಟ್ಟದ್ದು, ಅಷ್ಟನ್ನೇ ಹೇಳಿದೆ. ರೆಸ್ಟ್ ಸರಿಸಿದ್ದನ್ನಾಗಲಿ ಕೈಯ ವಿಷಯವನ್ನಾಗಲಿ ಹೇಳಲೇ ಇಲ್ಲ. ನನ್ನ ಅಂಕ ಕೇಳಿದ್ದಕ್ಕೇ ರೆಸ್ಟ್ ನಡುಮಧ್ಯಕ್ಕೆ ಬಂದಿದೆ ಎಂದು ನೀವು ಊಹಿಸಿರಬೇಕು. ನೀವು ಜೇಬಿನಿಂದ ಅಲೆನ್ ಕೀ ತೆಗೆದಿರಿ. ಕಾಗದ ಕಟ್ಟಲಿಲ್ಲ, ನನ್ನಿಂದ ಒಂದು ಬಾಣ ಬಿಡಿಸಲಿಲ್ಲ, ಗೀಟುಗಳ ಕಡೆ ಬಗ್ಗಿ ಕೂಡ ನೋಡಲಿಲ್ಲ. ಯಾರಿಗೋ ನಮಸ್ಕಾರ ಹೇಳುತ್ತಾ, ಅವರ ಮಗನ ಕಾಲೇಜು ವಿಚಾರಿಸುತ್ತಾ, ಒಂದೂವರೆ ಸುತ್ತು ಎಡಕ್ಕೆ ತಿರುವಿ ನನ್ನ ಕೈಗೆ ಕೊಟ್ಟಿರಿ. ಬಾಗಿಲ ಬೀಗ ತೆಗೆಯುವವನು ಬೀಗದ ಕಡೆ ನೋಡುತ್ತಾನೆಯೇ? ಹಾಗೆ ತಿರುವಿದಿರಿ. ನಿಮ್ಮ ಬೆರಳಿಗೆ ಬಾಯಿಪಾಠವಾಗಿತ್ತು.

ನಾನು ಗೆರೆಯ ಮೇಲೆ ಹೋಗಿ ನಿಂತೆ. ಮೊದಲ ಆರು ಬಾಣಕ್ಕೆ ಅರವತ್ತರಲ್ಲಿ ಐವತ್ತೇಳು, ಮುಂದಿನ ಆರಕ್ಕೆ ಐವತ್ತೆಂಟು. ನೀವು ಹಗ್ಗದ ಹಿಂದಿನಿಂದ ಹೆಬ್ಬೆರಳು ಎತ್ತಿದಿರಿ. ಕಡಿಮೆ ಬಂದಿದ್ದರೆ ನಾನು ಅಲ್ಲೇ ಉಳಿಯುತ್ತಿದ್ದೆನೋ ಏನೋ. ಐವತ್ತೆಂಟು ಬಂದದ್ದಕ್ಕೇ ಎಲ್ಲ ತಿಳಿದುಹೋಯಿತು: ದೋಷ ನನ್ನ ಕೈಯಲ್ಲೇ ಇತ್ತು, ಅದು ನಿಮಗೆ ಮೊದಲಿನಿಂದ ಗೊತ್ತಿತ್ತು. ಇನ್ನೂ ಇಪ್ಪತ್ತನಾಲ್ಕು ಬಾಣ ಬಾಕಿ ಇದ್ದವು. ಬಿಲ್ಲನ್ನು ಸ್ಟ್ಯಾಂಡಿಗೆ ಒರಗಿಸಿ, ಕೈಕವಚ ಬಿಚ್ಚಿ ಅದರ ಮೇಲಿಟ್ಟು, ಮೈದಾನದಿಂದ ಹೊರಗೆ ನಡೆದೆ. ನಾನು ಬಾತ್‌ರೂಮಿಗೆ ಹೋದೆ ಎಂದು ನೀವು ಅಂದುಕೊಂಡಿರಂತೆ. ನಾನು ಆಗಲೇ ಹೊಳಲ್ಕೆರೆ ದಾಟಿ ಹೊಸದುರ್ಗದ ಬಸ್ಸಿನಲ್ಲಿದ್ದೆ.

ಆಮೇಲೆ ಫೋನಿನಲ್ಲಿ ನೀವು ಹೇಳಿದ್ದು: "ನಿನ್ ಮುಖ ಬಾಡೋದು ನೋಡಕ್ಕಾಗ್ತಿರ್ಲಿಲ್ಲ ನೇತ್ರಾ. ಕೈ ತಿದ್ದಾಕೆ ಹೋದ್ರೆ ಆರು ತಿಂಗ್ಳು ಬಾಣ ಎಲ್ಲೆಲ್ಲೋ ಹೋಗ್ತಿದ್ವು. ನೀನು ಬಿಟ್ಬಿಡ್ತಿದ್ದೆ." ಮೊದಲ ತಿಂಗಳು ಈ ಮಾತನ್ನು ನಾನು ಅರ್ಧ ನಂಬಿದ್ದೆ. ಪ್ರೀತಿಯಿಂದಲೇ ಮಾಡಿರಬಹುದು, ನಾನೇ ಅತಿ ಮಾಡಿದೆನೋ ಎಂದು ಅನ್ನಿಸುತ್ತಿತ್ತು. ನಡುವೆ ಒಮ್ಮೆ ಹಿರಿಯೂರಿನ ಬಸ್ಸಿಗೆ ನಿಂತು ವಾಪಸು ಬಂದದ್ದೂ ಇದೆ.

ಅಷ್ಟರಲ್ಲಿ ಬಿಂದು ಬಂದಳು. ನಿಮ್ಮ ಹತ್ತಿರ ಈ ವರ್ಷ ಕಲಿಯುತ್ತಿದ್ದಾಳಲ್ಲ, ಡಿಗ್ರಿ ಹುಡುಗಿ, ಅವಳೇ. ನಿಮಗೆ ಹೇಳದೆ ನನ್ನನ್ನು ನೋಡಲು ಬಂದಿದ್ದಳು, ಅವಳನ್ನು ಬಯ್ಯಬೇಡಿ. ಕಾಫಿ ಕುಡಿಯುತ್ತಾ ಅವಳು ನಗುನಗುತ್ತಲೇ ಹೇಳಿದಳು: "ಸರ್ ನಂಗೆ ಹರ್ದಿರೋ ಫಸ್ಟ್ ಪೇಪರ್‍ನೇ ತೋರಿಸ್ತಾರಕ್ಕ. ಗೋಡೆಗೆ ಅಂಟಿಸಿ, 'ನೋಡು ನಿನ್ ಹಣೇಬರಹ' ಅಂತ ಬೈತಾರೆ. ಕೈ ಸರಿಯಾಗೋ ತನಕ ಇಸ್ಕ್ರೂ ಮುಟ್ಟಾದೇ ಇಲ್ಲ ಅಂತಾರೆ."

ಹಾಗಾದರೆ ನಿಮಗೆ ಸರಿಯಾಗಿ ಕಲಿಸಲು ಬರುತ್ತದೆ. ಮುಖ ಬಾಡುವುದನ್ನು ನೋಡಲೂ ಬರುತ್ತದೆ. ಬಿಂದು ಬೈಸಿಕೊಂಡು ಕಲಿತಾಳು, ನೇತ್ರಾವತಿ ಕಲಿಯಲಾರಳು ಎಂದು ಯಾವತ್ತು ತೀರ್ಮಾನ ಮಾಡಿದಿರಿ? ಹಟ್ಟಿಯ ಹೆಣ್ಣು, ಗೆದ್ದರೆ ಇರುತ್ತಾಳೆ, ಸೋತರೆ ಓಡಿಹೋಗುತ್ತಾಳೆ ಎಂದೇ? ಊರೆಲ್ಲ "ಯೋಗೇಶ್ ಸಾರ್ ಹೆಂಡ್ತಿ ಬಿಲ್ಲಿನಲ್ಲಿ ಗೆದ್ದಳಂತೆ" ಅನ್ನುವಾಗ ನಿಮಗೆ ಹಿತವಾಗುತ್ತಿತ್ತು. ನನಗೂ ಹಿತವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗೆದ್ದದ್ದು ನಿಮ್ಮ ಸ್ಕ್ರೂ, ಹಾರ ಹಾಕಿಸಿಕೊಂಡದ್ದು ನಾನು. ಮೂರು ವರ್ಷ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ನನಗೊಬ್ಬಳಿಗೇ ಗೊತ್ತಿಲ್ಲದ ಹಾಗೆ ಆಟ ನಡೆಸಿದಿರಿ. ಇದಕ್ಕೆ ಮೋಸ ಅನ್ನದೆ ಬೇರೆ ಪದ ನನಗೆ ಸಿಕ್ಕಿಲ್ಲ. ನೀವು ಹೊಡೆದಿದ್ದರೆ ಕಟ್ಟೆಯ ಮೇಲಿದ್ದವರಿಗೆ ಕನಿಷ್ಠ ಗಾಯ ಕಾಣುತ್ತಿತ್ತು.

ಇಷ್ಟಾದ ಮೇಲೂ ಜುಂಜಣ್ಣ ಮಾವನ ಕೈಯಲ್ಲಿ ಬಿಲ್ಲು ಕಳಿಸಿದಿರಿ. ಚೀಟಿಯಲ್ಲಿ "ಎಲ್ಲ ಸರಿ ಮಾಡಿದ್ದೇನೆ. ಡಿಸೆಂಬರ್ ಎಂಟಕ್ಕೆ ಮತ್ತೆ ಆಯ್ಕೆ ಇದೆ. ಮನೆಗೆ ಬಾ" ಎಂದು ಬರೆದಿದ್ದಿರಿ. ಮಾವ ಹೋದ ಮೇಲೆ ಪೆಟ್ಟಿಗೆ ಬಿಚ್ಚಿ ರೆಸ್ಟ್ ನೋಡಿದೆ. ಅದೇ ಒಂದೂವರೆ ಸುತ್ತು, ಅದೇ ಎಡಕ್ಕೆ. ಸರಿ ಮಾಡುವುದು ಎಂದರೆ ನಿಮಗೆ ಈಗಲೂ ಇಷ್ಟೇ.

ಅವತ್ತೇ ಹೊಸದುರ್ಗಕ್ಕೆ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಅಲೆನ್ ಕೀ ಕೊಂಡೆ. ರೆಸ್ಟನ್ನು ನಡುಮಧ್ಯಕ್ಕೆ ತಂದೆ. ಮಂಜುನಾಥ್ ಅವರ ನಂಬರು ಹುಡುಕಿ, ಫೋನ್ ಮಾಡಿ, ಮೊದಲು ತಪ್ಪಾಯಿತು ಅಂದೆ, ಆಮೇಲೆ ದಾರಿ ಕೇಳಿದೆ. ಬಿಲ್ಲನ್ನು ಹಿಡಿಯಬೇಡಿ, ಹೆಬ್ಬೆರಳ ಬುಡಕ್ಕೆ ಆನಿಸಿಕೊಳ್ಳಿ, ಬೆರಳುಗಳನ್ನು ಸಡಿಲ ಬಿಡಿ ಎಂದು ಅವರು ಹೇಳಿದರು. ಎರಡು ತಿಂಗಳಿನಿಂದ ಹಳೆಯ ಸೀರೆ ತುಂಬಿದ ಗೋಣಿಚೀಲಕ್ಕೆ ಬೆಳಗ್ಗೆ ಐವತ್ತು, ಸಂಜೆ ಐವತ್ತು ಬಾಣ. "ಕಾಗ್ದಕ್ಕೆ ತೂತು ಹೊಡ್ಯಾಕೆ ಇಷ್ಟು ದೊಡ್ಡ ಮಿಷಿನ್ನು ಬೇಕೇನೇ, ದಬ್ಬಣ ಸಾಲ್ದಾ?" ಎಂದು ಅವ್ವ ದಿನಾ ಆಡಿಕೊಳ್ಳುತ್ತಾಳೆ. ಮೊದಲ ಹದಿನೈದು ದಿನ ಬಾಣ ಗೋಣಿಚೀಲವನ್ನೇ ಬಿಟ್ಟು ಹೋಗುತ್ತಿತ್ತು. ಬಂಡೆಗೆ ಬಡಿದು ಆರು ಬಾಣ ಮುರಿದವು. ನಾನು ಅತ್ತೆ. ಮುಖ ಬಾಡಿತು. ಆದರೆ ಬಿಟ್ಟು ಹೋಗಲಿಲ್ಲ. ನಾಲ್ಕು ಬೆರಳಗಲ ಹರಿಯುತ್ತಿದ್ದ ಕಾಗದ ಈಗ ಬಹಳ ಕಡಿಮೆ ಹರಿಯುತ್ತದೆ.

ಡಿಸೆಂಬರ್ ಎಂಟಕ್ಕೆ ನಾನು ಚಿತ್ರದುರ್ಗಕ್ಕೆ ಬರುತ್ತೇನೆ. ಹೆಸರು ಕೊಟ್ಟಾಗಿದೆ. ಎಷ್ಟು ಬರುತ್ತದೋ ಗೊತ್ತಿಲ್ಲ, ಹದಿನಾಲ್ಕನೆಯವಳೇ ಆದರೂ ಆ ಹದಿನಾಲ್ಕು ನನ್ನದಾಗಿರುತ್ತದೆ. ನೀವು ಬರುವುದಾದರೆ ಬನ್ನಿ, ಹಗ್ಗದ ಹಿಂದೆ ನಿಲ್ಲಿ. ಬಿಲ್ಲಿಗೆ ಕೈ ಹಾಕಬೇಡಿ. ನನ್ನ ಬಾಣ ಹಾಳಾಗಿ ಹೋದರೆ ಹಾಳಾಗಿ ಹೋಯಿತು ಎಂದು ನನ್ನ ಮುಖ ನೋಡಿ ಹೇಳಿ. ಅಷ್ಟು ಮಾಡಲು ನಿಮ್ಮಿಂದ ಆದರೆ ಮನೆಗೆ ಬರುವ ಮಾತು ಆಮೇಲೆ ನೋಡೋಣ. ಆಗದಿದ್ದರೆ ಬರುವ ಬಸ್ ಚಾರ್ಜೂ ದಂಡ ಮಾಡಬೇಡಿ.

ಇಂತಿ,
ನೇತ್ರಾವತಿ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಕಾಗದ ಕಡಿಮೆ ಹರಿಯುತ್ತದೆ ಎಂದೆನಲ್ಲ, ಒಂದು ಬೆರಳಗಲಕ್ಕೆ ಬಂದು ಅಲ್ಲೇ ನಿಂತಿದೆ. ಏನು ಮಾಡಿದರೂ ಇಳಿಯಲಿಲ್ಲ. ಕಳೆದ ಸೋಮವಾರ ಎಕ್ಸ್‌ರೇ ಮಾಡಿಸಿದೆ. ಒಂಬತ್ತನೆಯ ವಯಸ್ಸಿನಲ್ಲಿ ಟಗರು ಗುಮ್ಮಿ ನನ್ನ ಎಡ ಮಣಿಕಟ್ಟು ಮುರಿದಿತ್ತು. ಹಟ್ಟಿಯಲ್ಲೇ ಬಿದಿರ ದಬ್ಬೆ ಕಟ್ಟಿದ್ದರು, ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಇನ್ನು ಅದು ನೆಟ್ಟಗಾಗುವುದಿಲ್ಲ ಅಂದರು ಡಾಕ್ಟರು. ಹಾಗಿದ್ದರೆ ಅಷ್ಟರ ಮಟ್ಟಿಗೆ ರೆಸ್ಟ್ ಸರಿಸಲೇಬೇಕು ಅಂದರು ಮಂಜುನಾಥ್. ಮೊನ್ನೆ ನಾನೇ ಕೀ ಹಾಕಿ ಅರ್ಧ ಸುತ್ತು ತಿರುವಿದೆ. ನೀವು ತಿರುವುತ್ತಿದ್ದ ಕಡೆಗೇ.

ನೀವು ಹೆಣ್ಣು ನೋಡಲು ಬಂದ ದಿನ ಅವ್ವ ನನ್ನ ಎಡಗೈಗೆ ಎರಡು ಡಜನ್ ಬಳೆ ಏರಿಸಿದ್ದಳು. ಕೈ ಮುರಿದ ಹೆಣ್ಣು ಎಂದು ಗೊತ್ತಾದರೆ ಯಾರೂ ಮಾಡಿಕೊಳ್ಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು. ಮದುವೆಯಾದ ಮೇಲೆ ಒಮ್ಮೆ ನೀವೇ ಮಣಿಕಟ್ಟಿನ ಮೇಲಿನ ಮೂಳೆಗಂಟು ಮುಟ್ಟಿ ಕೇಳಿದಿರಿ. ಹುಟ್ಟಿನಿಂದ ಹಾಗೇ ಅಂದೆ. ಆಗಸ್ಟಿನಲ್ಲಿ ಮಂಜುನಾಥ್ ನನ್ನ ಕೈ ಹಿಡಿದು ನೋಡಿದಾಗ ಮೊದಲು ನೆನಪಾದದ್ದು ಆ ಟಗರೇ. ಅದನ್ನು ನುಂಗಿಕೊಂಡು ಇಷ್ಟು ದಿನ ನಿಮ್ಮೊಬ್ಬರನ್ನೇ ಬೈದೆ. ಅಪ್ಪನ ಹತ್ತಿರ, ಮನಸ್ಸಿನೊಳಗೆ, ಈ ಕಾಗದದ ತುಂಬ. ನಿಮ್ಮ ತಪ್ಪು ಇದರಿಂದ ಒಂದು ಗೀಟೂ ಕಡಿಮೆಯಾಗುವುದಿಲ್ಲ. ಆದರೆ ಈಗ ನಿಮಗೂ ನನ್ನ ಮೇಲೆ ಕೋಪ ಬರಬೇಕು, ಬರಲಿ. ಅದು ಇಳಿಯಲು ಎಷ್ಟು ದಿನ ಬೇಕೋ ಅಷ್ಟು ತೆಗೆದುಕೊಳ್ಳಿ. ಇದೊಂದು ಮಾತು ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು.